ಅಸ್ತಮಾನಕ್ಕೆ ಮುನ್ನಿನ ಅಡುಗೆ

ರಾತ್ರಿಭೋಜನತ್ಯಾಗವನ್ನು ಪಾಲಿಸುವ ಮನೆಯಲ್ಲಿ ಸಂಜೆಯೂಟವು ಸೂರ್ಯಾಸ್ತಕ್ಕೆ ಎರಡು ಘಳಿಗೆ, ಎಂದರೆ 48 ನಿಮಿಷ, ಮುಂಚೆಯೇ ಮುಗಿಯತಕ್ಕದ್ದು. ಗೃಹಿಣಿಯೂ ಉದ್ಯೋಗಕ್ಕೆ ಹೋಗುವಲ್ಲಿ, ಬೆಳಿಗ್ಗೆಯೇ ಎಲ್ಲವನ್ನೂ ಬೇಯಿಸಿಡುವುದು ಸುಲಭೋಪಾಯವೆಂದು ತೋರುತ್ತದೆ. ಆದರೆ ಆಹಾರಕ್ಕೂ ಕಾಲಮರ್ಯಾದೆಯುಂಟು. ಅನ್ನ, ಬೇಳೆಸಾರುಗಳಿಗೆ ಪರಂಪರೆಯು ವಿಧಿಸಿರುವುದು ಎರಡೇ ಪ್ರಹರ, ಅಂದರೆ 6 ಗಂಟೆ. ಬೆಳಿಗ್ಗೆ ಏಳಕ್ಕೆ ಬೆಂದ ಅನ್ನವು ಮಧ್ಯಾಹ್ನ ಒಂದಕ್ಕೇ ಮರ್ಯಾದೆ ಮೀರುವುದು. ರೊಟ್ಟಿಗೆ 4 ಪ್ರಹರವಿರುವುದರಿಂದ ಬೆಳಗಿನದು ಸಂಜೆಗೆ ಸಲ್ಲುವುದು. ಹಿಟ್ಟನ್ನಾದರೋ ಮಳೆಗಾಲದಲ್ಲಿ 3, ಬೇಸಗೆಯಲ್ಲಿ 5, ಚಳಿಗಾಲದಲ್ಲಿ 7 ದಿನಗಳವರೆಗೆ ಇಟ್ಟುಕೊಳ್ಳಬಹುದು.

ಎಲ್ಲರಿಗೂ ಬಡಿಸಿ, ಹೊತ್ತು ಮುಳುಗಿತೆಂದು ತಾನೊಬ್ಬಳೇ ಹಸಿದು ಮಲಗುವ ಶ್ರಾವಿಕೆಯರುಂಟು. ಅದು ಉಪವಾಸವಲ್ಲ, ಮನೆಯವರ ಅಲಕ್ಷ್ಯ. ಧಾನ್ಯವನ್ನು ಆರಿಸಿ ಬೀಸಿಡುವ ಕೆಲಸವನ್ನು ರಜಾದಿನದ ಹಗಲಿನಲ್ಲಿ ಗಂಡಸರೂ ಮಕ್ಕಳೂ ಹಂಚಿಕೊಂಡರೆ ಸಂಜೆಗೆ ಉಳಿಯುವುದು ಅನ್ನ ಸಾರುಗಳಷ್ಟೇ. ಆಕೆಯ ಎಲೆಯೂ ಪಂಕ್ತಿಯಲ್ಲಿಯೇ ಬೀಳುವುದು.