ನೋಟದಿಂದಾಗುವ ಕೇಡು

ಒಂದು ವಸ್ತುವನ್ನು ಬರೇ ನೋಡುವದರಿಂದ ಅದಕ್ಕೆ ಕೇಡಾಗುವದೆಂದರೆ ನಮ್ಮ ವಾಚಕರಲ್ಲಿ ಬಹುಜನರು ನಂಬಲಿಕ್ಕಿಲ್ಲ. ಹೂವನ್ನು ಎಷ್ಟು ಹೊತ್ತು ನೋಡಿದರೂ ಅದು ನಮ್ಮ ನೋಟದಿಂದ ಬಾಡದು. ಆದರೆ ಕಣ್ಣಿಗೆ ನಿಲುಕದ ಅತಿಸೂಕ್ಷ್ಮ ವಸ್ತುಗಳ ಮಾತು ಬೇರೆ. ಅವುಗಳನ್ನು ಕಾಣಲಿಕ್ಕೆ ಹಗಲಿನ ಬೆಳಕು ಸಾಲದು; ಕ್ಷ-ಕಿರಣಗಳಾಗಲಿ ಇಲೆಕ್ಟ್ರಾನುಗಳಾಗಲಿ ಬೇಕು. ಇವು ತೋರಿಸುತ್ತ ತೋರಿಸುತ್ತಲೇ ಕೆಡಿಸುತ್ತವೆ. ಕಾರವಾರ ತಾಲೂಕಿನ ಕೈಗಾದಲ್ಲಿ ೨೦೦೦ದಿಂದ ಅಣುಶಕ್ತಿಯ ವಿದ್ಯುತ್ತು ಹುಟ್ಟುತ್ತಿರುವದರಿಂದ ವಿಕಿರಣವೆಂಬ ಶಬ್ದವು ನಮ್ಮ ಪಾಲಕರಿಗೆ ಹೊಸದಲ್ಲ. ಅದರ ಹೆಸರು ಕೇಳಿದರೇ ಹೆದರುವವರುಂಟು. ಏನೂ ಆಗದೆಂದು ಅಲಕ್ಷ್ಯ ಮಾಡುವವರೂ ಉಂಟು. ವಿಜ್ಞಾನಿಗಳು ಈ ಎರಡು ದಾರಿಗಳನ್ನೂ ಬಿಟ್ಟು ಅಳತೆಯ ದಾರಿಯನ್ನು ಹಿಡಿದ ಬಗೆಯನ್ನು ಈ ಪಾಠದಲ್ಲಿ ವಿವರಿಸುವೆವು.

ಮೊದಲು ಕ್ಷ-ಕಿರಣವೇ ಏಕೆ ಬೇಕೆಂಬುದನ್ನು ತಿಳಿಯೋಣ. ಸಮುದ್ರದ ತೆರೆಯು ನೀರಿನಲ್ಲಿ ನೆಟ್ಟ ಒಂದು ಗಳುವನ್ನು ಲೆಕ್ಕಿಸದೆ ದಾಟಿ ಹೋಗುವದನ್ನೂ, ದೊಡ್ಡ ಬಂಡೆಗೆ ಬಡಿದು ಚದರುವದನ್ನೂ ಕಾರವಾರದ ದಂಡೆಯಲ್ಲಿ ಎಲ್ಲರೂ ನೋಡಿರುವರು. ಬೆಳಕೂ ಒಂದು ತೆರೆಯೇ. ಸಾಮಾನ್ಯ ಬೆಳಕಿನ ತೆರೆಯ ಉದ್ದವು ಪರಮಾಣುಗಳ ನಡುವಣ ಅಂತರಕ್ಕಿಂತ ಸಾವಿರಾರು ಪಟ್ಟು ಹೆಚ್ಚಾದುದರಿಂದ ಅದು ಅವುಗಳನ್ನು ತೋರಿಸಲಾರದು. ೧೮೯೫ರಲ್ಲಿ ರಾಂಟ್‌ಜೆನ್ನರು ಕಂಡುಹಿಡಿದ ಕ್ಷ-ಕಿರಣದ ತೆರೆಯಾದರೋ ಆ ಅಂತರಕ್ಕೆ ಸರಿಹೊಂದುವಷ್ಟು ಗಿಡ್ಡವಾದದ್ದು. ಹರಳಿನೊಳಗಿಂದ ಹಾಯ್ದ ಕ್ಷ-ಕಿರಣಗಳು ಚದರಿ, ಚುಕ್ಕೆಗಳ ರಂಗೋಲಿಯನ್ನು ಬಿಡಿಸುವವೆಂಬುದು ೧೯೧೨ರಲ್ಲಿ ಜರ್ಮನಿಯ ಲಾವೆಯವರ ಸೂಚನೆಯಿಂದ ಸಿದ್ಧವಾಯಿತು. ೧೯೧೩ರಲ್ಲಿ ಬ್ರ್ಯಾಗ್ ಎಂಬ ತಂದೆ ಮಕ್ಕಳು ಆ ಚುಕ್ಕೆಗಳ ಲೆಕ್ಕದಿಂದ ಉಪ್ಪಿನ ಹರಳಿನ ಒಳರಚನೆಯನ್ನು ಹೇಳಿದರು. ಸೋಡಿಯಂ ಒಂದು, ಕ್ಲೋರಿನ್ ಒಂದು, ಹೀಗೆ ಚದುರಂಗದ ಮಣೆಯ ಮನೆಗಳಂತೆ ಅವು ಒಂದು ಬಿಟ್ಟು ಒಂದು ಕೂತಿರುತ್ತವೆ. ೧೯೩೦ರಲ್ಲಿ ಅಂಕೋಲೆಯ ಜನರು ಸರಕಾರದ ಕಾಯಿದೆಯನ್ನು ಮುರಿದು ತಯಾರಿಸಿದ ಉಪ್ಪಿನ ಕಟ್ಟಡವೂ ಇದೇ.

ಉಪ್ಪಿನ ಹರಳು ಗಟ್ಟಿಯಾದದ್ದು. ಕ್ಷ-ಕಿರಣದಲ್ಲಿ ಬಹಳ ಹೊತ್ತು ಇಟ್ಟರೆ ಅದರ ಬಣ್ಣ ಹಳದಿಗೆ ತಿರುಗುವದುಂಟು; ಕಟ್ಟಡ ಮಾತ್ರ ಕುಸಿಯದು. ಜೀವಿಗಳ ಶರೀರದೊಳಗಿನ ಪ್ರೋಟೀನುಗಳ ಹರಳು ಹಾಗಲ್ಲ. ಒಂದೊಂದು ಪ್ರೋಟೀನಿನ ಅಣುವಿನಲ್ಲಿ ಸಾವಿರಾರು ಪರಮಾಣುಗಳು. ಹರಳಿನ ಸುಮಾರು ಅರ್ಧ ಭಾಗ ನೀರು. ೧೯೩೪ರಲ್ಲಿ ಕೇಂಬ್ರಿಜ್ಜಿನಲ್ಲಿ ಬರ್ನಾಲರೂ ಡೊರೊಥಿ ಕ್ರೋಫುಟ್ ಎಂಬ ತರುಣಿಯೂ ಪೆಪ್ಸಿನ್ ಎಂಬ ಪಚನದ್ರವ್ಯದ ಹರಳನ್ನು ತೇವ ಆರದಂತೆ ಇಟ್ಟು ಅದರ ಚಿತ್ರವನ್ನು ತೆಗೆದರು. ಮುಂದೆ ಡೊರೊಥಿ ಹಾಜ್‌ಕಿನ್ ಎಂದು ಪ್ರಸಿದ್ಧರಾದ ಈ ವಿದುಷಿಗೆ ೧೯೬೪ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ೧೯೬೯ರಲ್ಲಿ ಅವರ ಬಳಗವು ಇನ್ಸುಲಿನ್ನಿನ ರಚನೆಯನ್ನು ಬಿಡಿಸಿತು. ಆ ಕೆಲಸದಲ್ಲಿ ಪಾಲುಗೊಂಡ ಎಂ. ವಿಜಯನ್ ಅವರು ಬಳಿಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ವಿದ್ಯೆಯನ್ನು ಬೆಳೆಸಿದರು. ನಮ್ಮ ಶೇಂಗಾಬೀಜದಲ್ಲಿರುವ ಲೆಕ್ಟಿನ್ ಎಂಬ ಪ್ರೋಟೀನಿನ ರಚನೆಯನ್ನು ೧೯೯೪ರಲ್ಲಿ ಪ್ರಕಟಿಸಿದವರು ಅವರೂ ಅವರ ಸಂಗಡಿಗರೂ. ರೋಗಕ್ಕೆ ಔಷಧ ಹುಡುಕುವವರು ಇಂಥ ಚಿತ್ರಗಳನ್ನು ನೋಡಿ, ಬೀಗಕ್ಕೆ ಕೀಲಿಯನ್ನು ಅರೆದು ಹೊಂದಿಸುವಂತೆ ಔಷಧದ ಅಣುವನ್ನು ರೂಪಿಸುತ್ತಾರೆ. ಬೀಗದ ಚಿತ್ರವೇ ತಪ್ಪಾದರೆ ಕೀಲಿಯ ಗತಿಯೇನು? ಆದಕಾರಣ ಕಿರಣದ ಕೇಡು ಸಣ್ಣ ವಿಷಯವಲ್ಲ.

ಕೇಡು ಹೇಗಾಗುವದು? ಒಂದು ಕೂದಲೆಳೆಯ ದಪ್ಪದ ಪ್ರೋಟೀನ್ ಹರಳಿನ ಮೇಲೆ ೧೦೦ ಕ್ಷ-ಕಿರಣದ ಕಣಗಳನ್ನು ಬಿಟ್ಟರೆ ಸುಮಾರು ೯೮ ಯಾವದನ್ನೂ ಮುಟ್ಟದೆ ದಾಟುವವು. ಉಳಿದವುಗಳಲ್ಲಿಯೂ ನೂರಕ್ಕೆ ಸುಮಾರು ೮ ಮಾತ್ರ ನಮಗೆ ಬೇಕಾದ ಚುಕ್ಕೆಗಳನ್ನು ಕೊಡುವವು. ಮಿಕ್ಕವುಗಳಲ್ಲಿ ಬಹುಪಾಲು ಪರಮಾಣುವಿನಿಂದ ಒಂದು ಇಲೆಕ್ಟ್ರಾನನ್ನು ಕಿತ್ತೆಸೆಯುವವು. ಕಿತ್ತುಬಂದ ಆ ಒಂದು ಇಲೆಕ್ಟ್ರಾನು ತನ್ನ ದಾರಿಯಲ್ಲಿ ಮತ್ತೆ ಸುಮಾರು ೫೦೦ ಕಡೆ ಇಲೆಕ್ಟ್ರಾನುಗಳನ್ನು ಕಿತ್ತುಹಾಕಬಲ್ಲದು. ಹರಳಿನೊಳಗಿನ ನೀರಿನ ಅಣುಗಳೂ ಒಡೆದು, ಅವುಗಳ ತುಂಡುಗಳು ಅಲ್ಲಲ್ಲಿ ಅಲೆದು ಪ್ರೋಟೀನನ್ನು ಕಚ್ಚುವವು. ತೋರಿಸಿದ್ದು ಸ್ವಲ್ಪ, ಮುರಿದದ್ದು ಬಹಳ ಎಂಬ ಲೆಕ್ಕವಿದು.

೧೯೬೨ರಲ್ಲಿ ಬ್ಲೇಕ್ ಮತ್ತು ಫಿಲಿಪ್ಸ್ ಎಂಬವರು ಮಯೊಗ್ಲೋಬಿನ್ನಿನ ಹರಳಿನಲ್ಲಿ ಈ ಕೇಡನ್ನು ಮೊದಲ ಸಲ ಕ್ರಮವಾಗಿ ಅಳೆದರು. ಶರೀರವಾಗಲಿ ಹರಳಾಗಲಿ ಹೀರಿಕೊಂಡ ಕಿರಣದ ಅಳತೆಗೆ ಗ್ರೇ ಎಂದು ಹೆಸರು. ದವಾಖಾನೆಯಲ್ಲಿ ಎದೆಯ ಒಂದು ಚಿತ್ರಕ್ಕೆ ಒಂದು ಗ್ರೇದ ಸುಮಾರು ಹತ್ತುಸಾವಿರದ ಒಂದು ಪಾಲು ಸಾಕು. ಇಡೀ ಶರೀರಕ್ಕೆ ಒಮ್ಮೆಲೆ ೪-೫ ಗ್ರೇ ತಗಲಿ, ಚಿಕಿತ್ಸೆ ಸಿಗದೆ ಹೋದರೆ ಅರ್ಧದಷ್ಟು ಜನ ಬದುಕುವದಿಲ್ಲ. ಪ್ರೋಟೀನಿನ ಹರಳಿಗಾದರೋ ಇವುಗಳಿಗಿಂತ ಎಷ್ಟೋ ಲಕ್ಷ ಪಟ್ಟು ಹೆಚ್ಚು ಬೀಳುವದು. ಅದಕ್ಕೆ ೨ ಕೋಟಿ ಗ್ರೇ ಮಿತಿಯೆಂದು ಹೆಂಡರ್ಸನ್ನರು ೧೯೯೦ರಲ್ಲಿ ಲೆಕ್ಕ ಹಾಕಿದರು. ೨೦೦೬ರಲ್ಲಿ ಎಲ್ಸ್‌ಪೆತ್ ಗಾರ್ಮನ್ ಎಂಬ ವಿದುಷಿಯೂ ಅವರ ಸಂಗಡಿಗರೂ ಪ್ರಯೋಗದಿಂದ ಅಳೆದು ೩ ಕೋಟಿಯನ್ನು ದಾಟಬಾರದೆಂದು ವಿಧಿಸಿದರು. ಅಷ್ಟರಲ್ಲಿ ಚುಕ್ಕೆಗಳ ಪ್ರಖರತೆ ನೂರಕ್ಕೆ ೭೦ಕ್ಕೆ ಇಳಿದಿರುವದು.

ಈ ಮಿತಿ ತಣ್ಣಗಿಟ್ಟ ಹರಳಿನದು. ಕಾರವಾರದ ಬಂದರದಲ್ಲಿ ಮೀನಿಗೆ ಮಂಜುಗಡ್ಡೆ ಹಾಕುವರಷ್ಟೆ? ಮಂಜುಗಡ್ಡೆಯು ಸತ್ತ ಮೀನನ್ನು ಬದುಕಿಸದು, ಕೊಳೆಯುವದನ್ನು ತಡಮಾಡುವದು. ಹಾಗೆಯೇ ಹರಳನ್ನು ಸೊನ್ನೆಯ ಕೆಳಗೆ ಸುಮಾರು ೧೭೩ ಡಿಗ್ರಿ ಸೆಂಟಿಗ್ರೇಡಿಗೆ ತಂಪಿಸಿದರೆ ಮೊದಲಿನ ಏಟು ತಪ್ಪದಿದ್ದರೂ, ಒಡೆದ ತುಂಡುಗಳು ಅಲೆಯಲಾರದೆ ನಿಲ್ಲುವವು. ಇದರಿಂದ ಹರಳು ಸುಮಾರು ೭೦ ಪಟ್ಟು ಹೆಚ್ಚು ಕಾಲ ಬಾಳುವದು.

ಚುಕ್ಕೆಗಳು ಮಂಕಾಗುವ ಕೇಡು ಎದ್ದು ಕಾಣುವದು. ಕಾಣದ ಕೇಡು ಅದಕ್ಕಿಂತ ಅಪಾಯದ್ದು. ೨೦೦೦ದಲ್ಲಿ ಬೇರೆ ಬೇರೆ ಸಂಶೋಧಕರು ಕಂಡುಕೊಂಡ ಪ್ರಕಾರ, ಚಿತ್ರ ಇನ್ನೂ ಚೆನ್ನಾಗಿ ಬರುತ್ತಿರುವಾಗಲೇ ಪ್ರೋಟೀನಿನ ಗಂಧಕದ ಬೆಸುಗೆಗಳು ಬಿಟ್ಟುಹೋಗುವವು. ಆಮ್ಲದ ತುದಿಗಳು ಉದುರುವವು. ಹಸಿರೆಲೆಯಲ್ಲಿ ನೀರನ್ನು ಒಡೆದು ಪ್ರಾಣವಾಯುವನ್ನು ಬಿಡುವ ಪ್ರೋಟೀನ್ ಕೂಟದ ಕಥೆಯನ್ನು ಕೇಳಿರಿ. ಅದರ ಹೃದಯದಲ್ಲಿ ಮ್ಯಾಂಗನೀಸ್ ಪರಮಾಣುಗಳಿವೆ. ಕ್ಷ-ಕಿರಣವೇ ಆ ಮ್ಯಾಂಗನೀಸಿನ ಸ್ಥಿತಿಯನ್ನು ಬದಲಿಸುವದೆಂದು ೨೦೦೫ರಲ್ಲಿ ತಿಳಿದುಬಂತು. ೨೦೧೧ರಲ್ಲಿ ಜಪಾನಿನ ವಿಜ್ಞಾನಿಗಳು ಆ ಕೂಟದ ಬಹು ಸ್ಪಷ್ಟವಾದ ಚಿತ್ರವನ್ನು ಕೊಟ್ಟರು. ಆದರೆ ಪರಮಾಣುಗಳ ಅಂತರಗಳು ಕೆಲವೆಡೆ ಇರಬೇಕಾದುದಕ್ಕಿಂತ ಉದ್ದವಾಗಿ ತೋರಿದವು. ಕೇಡು ಹಬ್ಬುವ ಮೊದಲೇ ಮುಗಿದುಹೋಗುವಷ್ಟು ಕ್ಷಣಿಕವಾದ ಕಿರಣದ ಮಿಂಚಿನಿಂದ ೨೦೧೫ರಲ್ಲಿ ಪುನಃ ಚಿತ್ರ ತೆಗೆದಾಗ ಆ ಅಂತರಗಳು ಕಡಿಮೆಯಾಗಿ ಕಂಡವು. ಮೊದಲಿನ ಚಿತ್ರದಲ್ಲಿ ಎಲೆಯ ಸತ್ಯದೊಂದಿಗೆ ಕಿರಣದ ಗಾಯವೂ ಬೆರೆತಿತ್ತು.

ಇಲೆಕ್ಟ್ರಾನಿನ ಸೂಕ್ಷ್ಮದರ್ಶಕದಲ್ಲಿಯೂ ಇದೇ ತೊಡಕು. ಉಪಯೋಗದ ಚಿತ್ರಕ್ಕೆ ಹೋಲಿಸಿದರೆ ಇಲೆಕ್ಟ್ರಾನುಗಳು ಮಾಡುವ ಕೇಡು ಕ್ಷ-ಕಿರಣದ್ದಕ್ಕಿಂತ ಕಡಿಮೆ; ಆದರೂ ಹೆಚ್ಚು ಸುರಿದರೆ ನಮೂನೆ ಉಳಿಯದು. ೧೯೭೫ರಲ್ಲಿ ಹೆಂಡರ್ಸನ್ ಮತ್ತು ಅನ್ವಿನ್ ಅವರು ಒಂದೊಂದು ಅಣುವಿಗೂ ಅತ್ಯಲ್ಪ ಇಲೆಕ್ಟ್ರಾನುಗಳನ್ನು ಬಿಟ್ಟು, ಸಾವಿರಾರು ಸಮಾನ ಅಣುಗಳ ಮಬ್ಬು ಚಿತ್ರಗಳನ್ನು ಕೂಡಿಸಿ ಒಂದು ಸ್ಪಷ್ಟ ಚಿತ್ರವನ್ನು ಪಡೆದರು. ೧೯೮೦ರ ದಶಕದಲ್ಲಿ ಡ್ಯೂಬೊಶೆಯವರು ನೀರನ್ನು ಹರಳುಗಟ್ಟಗೊಡದೆ ಗಾಜಿನಂತೆ ಒಮ್ಮೆಲೆ ಹೆಪ್ಪುಗಟ್ಟಿಸುವ ಉಪಾಯವನ್ನು ಸಾಧಿಸಿದರು. ಇವರಿಗೂ, ಚಿತ್ರಗಳನ್ನು ಕೂಡಿಸುವ ಗಣಿತವನ್ನು ಬೆಳೆಸಿದ ಫ್ರ್ಯಾಂಕರಿಗೂ, ಹೆಂಡರ್ಸನ್ನರಿಗೂ ೨೦೧೭ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿಯೂ ಇಂಥ ಯಂತ್ರಗಳಿವೆ.

ಹೀಗೆ ಉಪಾಯಗಳು ನಾಲ್ಕಾದವು: ಕಿರಣವನ್ನು ಅಳೆದು ಕೊಡುವದು, ನಮೂನೆಯನ್ನು ತಣ್ಣಗಿಡುವದು, ಭಾರವನ್ನು ಒಂದರ ಮೇಲೆಯೇ ಹೇರದೆ ಅನೇಕಕ್ಕೆ ಹಂಚುವದು, ಮೊದಲಿನ ಚಿತ್ರವನ್ನು ಕಡೆಯ ಚಿತ್ರಕ್ಕೆ ಹೋಲಿಸಿ, ನೋಡುವಾಗ ಏನು ಬದಲಾಯಿತೆಂದು ವಿಚಾರಿಸುವದು. ಪಾಲಕರು ಇದರಿಂದ ಒಂದು ಮಾತನ್ನು ತಿಳಿಯತಕ್ಕದ್ದು. ವೈದ್ಯರು ಅವಶ್ಯವೆಂದು ಹೇಳಿದ ಕ್ಷ-ಕಿರಣದ ಚಿತ್ರಕ್ಕೆ ಹೆದರಿ ಮಗುವಿನ ರೋಗವನ್ನು ಅಡಗಿಸಬಾರದು. ಅವಶ್ಯವಿಲ್ಲದೆ ಮೇಲಿಂದ ಮೇಲೆ ಚಿತ್ರ ತೆಗೆಸಬೇಕೆಂದು ಒತ್ತಾಯಪಡಿಸಲೂಬಾರದು.

ಮಕ್ಕಳನ್ನು ಪರೀಕ್ಷಿಸುವದೇ ಕೆಲಸವಾಗಿರುವ ಶಿಕ್ಷಕಿಯರಾದ ನಮಗೂ ಇದರಲ್ಲಿ ಪಾಠವಿದೆ. ಮಿತಿಮೀರಿ ಪರೀಕ್ಷಿಸಿದ ಮಗುವಿನಲ್ಲಿ ಕಾಣುವದು ಅದರ ಜ್ಞಾನವಾಗಿರದೆ, ನಾವೇ ಹುಟ್ಟಿಸಿದ ಅಂಜಿಕೆಯಾಗಿರಬಹುದು. ಕಂಡದ್ದರಲ್ಲಿ ವಸ್ತುವಿನದೆಷ್ಟು, ನಮ್ಮ ನೋಟದಿಂದಾದದ್ದೆಷ್ಟು ಎಂದು ಬೇರ್ಪಡಿಸಿ ನೋಡುವದೇ ಶಾಸ್ತ್ರಾಭ್ಯಾಸದ ಮೊದಲನೆಯ ಮೆಟ್ಟಲು. ನಮ್ಮ ಹಳೆಯ ವಿದ್ಯಾರ್ಥಿನಿಯರು ತಮ್ಮ ಹೆಣ್ಣುಮಕ್ಕಳಿಗೆ ಹಾಜ್‌ಕಿನ್, ಗಾರ್ಮನ್ ಇವರ ಕೆಲಸದ ವಿಷಯ ಹೇಳಲಿ; ಅಡಿಗೆಮನೆಯ ಒಂದು ಉಪ್ಪಿನ ಹರಳನ್ನು ಅವರ ಅಂಗೈಯಲ್ಲಿಟ್ಟು ಆ ಮಾತನ್ನು ಆರಂಭಿಸಲಿ.