ಮಹಾಮಾರಿಯ ಕಾಲದಲ್ಲಿ ವಿದೇಶ ಪ್ರಯಾಣ: ಹೋಗಬೇಕೋ, ಬೇಡವೋ?



ಕೋವಿಡ್‌ನಿಂದಾಗಿ 2020ರ ಮಾರ್ಚ್‌ನಲ್ಲಿ ನಿಂತ ಭಾರತದ ನಿಯಮಿತ ಅಂತಾರಾಷ್ಟ್ರೀಯ ವಿಮಾನ ಸಂಚಾರ ಮತ್ತೆ ಶುರುವಾದದ್ದು 2022ರ ಮಾರ್ಚ್ 27ರಂದು. ನಡುವೆ ವಿಶೇಷ ವಿಮಾನಗಳಷ್ಟೇ ಇದ್ದವು. ರಜೆಗೆ ಊರಿಗೆ ಬಂದಿದ್ದ ಗಲ್ಫ್ ಉದ್ಯೋಗಿಗಳಲ್ಲಿ ಕೆಲವರು ಸಿಕ್ಕಿದ ವಿಮಾನ ಹತ್ತಿದರು, ಕೆಲವರು ಉಳಿದರು. ಹೋದವರು ಧೈರ್ಯವಂತರು, ಉಳಿದವರು ಪುಕ್ಕಲರು ಎನ್ನಬಹುದೇ?

ಮನಶ್ಶಾಸ್ತ್ರಜ್ಞ ಐಸೆಕ್ ಐಝೆನ್ ಅವರ ‘ಯೋಜಿತ ವರ್ತನೆಯ ಸಿದ್ಧಾಂತ’ ಇದಕ್ಕೆ ಉತ್ತರ ಹುಡುಕಲು ನೆರವಾಗುತ್ತದೆ. ಅದರ ಪ್ರಕಾರ ನಮ್ಮ ಉದ್ದೇಶವನ್ನು ಮೂರು ಅಂಶಗಳು ರೂಪಿಸುತ್ತವೆ.

1. ಮನೋಭಾವ: ಪ್ರಯಾಣದಿಂದ ಲಾಭವೋ, ನಷ್ಟವೋ ಎಂಬ ಲೆಕ್ಕ. ಸೋಂಕಿನ ಭಯ ಒಂದು ಕಡೆ. ವೀಸಾ ಮುಗಿದರೆ ಕೆಲಸ ಹೋದೀತೆಂಬ ಭಯ ಇನ್ನೊಂದು ಕಡೆ. ಇಲ್ಲಿ ಹೋಗುವವನಿಗೂ ಭಯವಿದೆ. ಯಾವ ಭಯ ದೊಡ್ಡದು ಎಂಬುದೇ ಪ್ರಶ್ನೆ.

2. ಹತ್ತಿರದವರ ನಿರೀಕ್ಷೆ: “ಈಗ ಬೇಡ ಮಗಾ” ಎನ್ನುವ ತಾಯಿ, “ಬೇಗ ಬಾ” ಎನ್ನುವ ಮಾಲೀಕ, ಆಗಲೇ ಹೊರಟು ನಿಂತ ಗೆಳೆಯ. ಇವರಲ್ಲಿ ಯಾರ ಮಾತಿಗೆ ಹೆಚ್ಚು ತೂಕ ಕೊಡುತ್ತೇವೋ ಮನಸ್ಸು ಆ ಕಡೆ ವಾಲುತ್ತದೆ.

3. ನಿಯಂತ್ರಣದ ಭಾವನೆ: ‘ಇದು ನನ್ನಿಂದ ಸಾಧ್ಯವೇ?’ ಟಿಕೆಟ್ ದರ, ಆರ್‌ಟಿ-ಪಿಸಿಆರ್ ಪರೀಕ್ಷೆ, ಕ್ವಾರಂಟೈನ್ ಖರ್ಚು ಎಲ್ಲವೂ ಇಲ್ಲಿ ಸೇರುತ್ತವೆ. ಕೊವ್ಯಾಕ್ಸಿನ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ದೊರೆತದ್ದು 2021ರ ನವೆಂಬರ್ 3ರಂದು. ಅಲ್ಲಿಯವರೆಗೆ ಎರಡು ಡೋಸ್ ಪಡೆದವರಿಗೂ ಹಲವು ದೇಶಗಳ ಪ್ರವೇಶ ಕಷ್ಟವಾಗಿತ್ತು.

ಉದ್ದೇಶ ಗಟ್ಟಿಯಾಗಿದ್ದರೆ ಸಾಕೇ? ಹಜ್ ಯಾತ್ರೆಯನ್ನು ನೋಡಿ. ವರ್ಷಗಟ್ಟಲೆ ಹಣ ಕೂಡಿಟ್ಟವರ ಉದ್ದೇಶಕ್ಕಿಂತ ಗಟ್ಟಿಯಾದದ್ದು ಯಾವುದಿದೆ? ಆದರೂ 2020 ಮತ್ತು 2021ರಲ್ಲಿ ಸೌದಿ ಅರೇಬಿಯಾದೊಳಗೆ ಇದ್ದವರಿಗಷ್ಟೇ ಅವಕಾಶ ಸಿಕ್ಕಿತು. 2022ರಲ್ಲಿ ಹೊರದೇಶದವರಿಗೆ ಬಾಗಿಲು ತೆರೆದಾಗಲೂ 65 ವರ್ಷದೊಳಗಿನವರಿಗೆ, ಲಸಿಕೆ ಪಡೆದವರಿಗೆ ಮಾತ್ರ. ಹಿರಿಯರ ಆಸೆ ಕುಂದಿರಲಿಲ್ಲ, ದಾರಿ ಮುಚ್ಚಿತ್ತು.

ಆದ್ದರಿಂದ ಒಬ್ಬರು ಹೋದರೋ ಇಲ್ಲವೋ ಎಂಬುದನ್ನಷ್ಟೇ ನೋಡಿ ಅವರ ಧೈರ್ಯವನ್ನು ಅಳೆಯುವುದು ತಪ್ಪು. ಅವರ ಲೆಕ್ಕ, ಅವರ ಮನೆಯವರು, ಅವರ ಕೈಯಲ್ಲಿದ್ದ ಅನುಕೂಲ ಮೂರನ್ನೂ ಕೇಳಬೇಕು.

ಚಟುವಟಿಕೆ: ಆ ದಿನಗಳಲ್ಲಿ ಪ್ರಯಾಣ ಮಾಡಿದ ಒಬ್ಬರನ್ನು, ಮುಂದೂಡಿದ ಒಬ್ಬರನ್ನು ಮಾತನಾಡಿಸಿ. ಅವರು ಹೇಳಿದ ಕಾರಣಗಳನ್ನು ಮೇಲಿನ ಮೂರು ಅಂಶಗಳಡಿ ಬರೆಯಿರಿ. ಯಾವ ಅಂಶದಡಿ ಪಟ್ಟಿ ಉದ್ದವಾಯಿತು? ತರಗತಿಯಲ್ಲಿ ಚರ್ಚಿಸಿ.