ಪರದೇಶದಲ್ಲಿ ಯಾವ ಊರು?

ಪರದೇಶದಲ್ಲಿ ನೆಲಸುವುದಾದರೆ ಯಾವ ಊರು ಮೇಲು ಎಂಬ ಚರ್ಚೆ ನಮ್ಮ ವಾಚನಾಲಯದ ತರುಣರಲ್ಲಿ ಆಗಾಗ ನಡೆಯುವುದುಂಟು. ಒಬ್ಬರಿಗೆ ದುಬೈ, ಇನ್ನೊಬ್ಬರಿಗೆ ಲಂಡನ್. ಚಿತ್ರ ನೋಡಿ ಊರನ್ನಾರಿಸುವುದು, ಕೊರಳ ಗಂಟೆ ನೋಡಿ ಎತ್ತು ಕೊಂಡಂತೆ.

ನಮ್ಮ ಕೊಂಡಪಲ್ಲಿಯ ಗೊಂಬೆ ಕೆಲಸದವರ ಹಿರಿಯರು ಹದಿನಾರನೆಯ ಶತಮಾನದಲ್ಲಿ ರಾಜಸ್ಥಾನದ ಕಡೆಯಿಂದ ಬಂದವರೆಂದು ಪ್ರತೀತಿ. ಅವರ ಉಳಿಗೆ ಒಗ್ಗುವ ಹಗುರವಾದ ಪೊಣಿಕಿ ಮರ ಇಲ್ಲಿಯ ಗುಡ್ಡಗಳಲ್ಲಿತ್ತು, ಕಸುಬು ನಿಂತಿತು. ಆದುದರಿಂದ ಮೊದಲು ಕೇಳಬೇಕಾದದ್ದು: ಆ ಊರಿನಲ್ಲಿ ನಮ್ಮ ಕೈಗೆ ತಕ್ಕ ಪೊಣಿಕಿ ಉಂಟೆ? ಮೈಸೂರಿನ ಎ. ಕೆ. ರಾಮಾನುಜನ್ ಅವರಿಗೆ ಅದು ಷಿಕಾಗೋದಲ್ಲಿ ದೊರೆಯಿತು. 1962ರಿಂದ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತ ಕನ್ನಡ ಕವಿತೆಯನ್ನೂ ಬರೆದರು. 1993ರಲ್ಲಿ ಅಲ್ಲಿಯೇ ತೀರಿಕೊಂಡರು.

ಇನ್ನು ಮುಖ್ಯವಾದುದು, ಯಾವ ಹಕ್ಕಿನ ಮೇಲೆ ಅಲ್ಲಿರುತ್ತೇವೆ ಎಂಬುದು. ಕುವೈತ್, ದುಬೈಗಳಲ್ಲಿ ದುಡಿಯುವವನ ವಾಸದ ಪರವಾನಗಿ ಸಾಮಾನ್ಯವಾಗಿ ನೌಕರಿಗೆ ಅಂಟಿಕೊಂಡಿರುತ್ತದೆ. ಇಪ್ಪತ್ತು ವರ್ಷ ದುಡಿದವನೂ ಕೆಲಸ ಹೋದರೆ ಗಂಟು ಕಟ್ಟಬೇಕು. ಹತ್ತನೆಯ ತರಗತಿ ಪಾಸಾಗದವರು ಕುವೈತಿನಂಥ ದೇಶಗಳಿಗೆ ದುಡಿಯಹೋಗುವ ಮುನ್ನ, 1983ರ ವಲಸೆ ಕಾಯಿದೆಯಂತೆ, ವಲಸೆ ಸಂರಕ್ಷಕರ ಅನುಮತಿ ಪಡೆಯಬೇಕು. ಅದೇನೂ ಬೇಡವೆನ್ನುವ ದಲಾಲಿಯನ್ನು ನಂಬಬೇಡಿ.

ಕೆನಡಾ, ಅಮೆರಿಕಗಳಲ್ಲಿ ವರ್ಷಗಟ್ಟಲೆ ಕಾದವರಿಗೆ ಪೌರತ್ವವೂ ದೊರೆಯಬಹುದು. ಆದರೆ ಅದನ್ನು ಪಡೆದೊಡನೆ, 1955ರ ಕಾಯಿದೆಯಂತೆ, ಭಾರತದ ಪೌರತ್ವ ಹೋಗುತ್ತದೆ. 2005ರಲ್ಲಿ ಜಾರಿಗೆ ಬಂದ ಸಾಗರೋತ್ತರ ನಾಗರಿಕರ ಕಾರ್ಡು ಇದ್ದರೆ ವೀಸಾ ಕೇಳದೆ ಬಂದುಹೋಗಬಹುದು. ಮತ ಹಾಕುವಂತಿಲ್ಲ, ಹೊಲ ಕೊಳ್ಳುವಂತಿಲ್ಲ. ವಾರಸಿನಿಂದ ಬಂದ ಹೊಲಕ್ಕೆ ಅಡ್ಡಿಯಿಲ್ಲ. ಮುಪ್ಪಿನಲ್ಲಿ ಮರಳಿ ಎರಡೆಕರೆ ಕೊಳ್ಳುವೆನೆಂದು ಲೆಕ್ಕ ಹಾಕಿರುವವರು ಅದನ್ನು ಹೊರಡುವ ಮೊದಲೇ ಕೊಂಡಿಡಲಿ.